ಅಪ್ಪನ ಗೋಲಿನ ಕಡೆಗೆ

ಆ ಚಳಿಗಾಲ ವಿಲೋ ಬೆಂಡ್ ಊರಿನ ನಾನೂರ ಹನ್ನೆರಡು ಜನಕ್ಕೂ ಒಂದೇ ಚಿಂತೆ: ಶೇಲಾ ಕೊವಾಲ್ ಮುಂದಿನ ವರ್ಷ ಎಲ್ಲಿ ಆಡಬೇಕು? ಶೇಲಾಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಹದಿನೈದರ ಆ ಹುಡುಗಿಗೆ ಉತ್ತರ ಗೊತ್ತಿರಲಿಲ್ಲ, ಆ ಮಾತು ಬೇರೆ.

ಊರಿನ ಹುಡುಗರ ಐಸ್ ಹಾಕಿ ತಂಡದಲ್ಲಿ ಅವಳೊಬ್ಬಳೇ ಹುಡುಗಿ. ಆರನೇ ವಯಸ್ಸಿನಿಂದ ಅದೇ ಪುಂಡರ ಜೊತೆ ಬಿದ್ದು ಎದ್ದು ಬೆಳೆದವಳು. ಈಗ ಐನೂರು ಕಿಲೋಮೀಟರ್ ಆಚೆಯ ನಗರದಿಂದ, ಹುಡುಗಿಯರ ಹಾಕಿ ಶಾಲೆಯೊಂದು ಬಾ ಎಂದು ಕರೆದಿತ್ತು. ಭಾನುವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಅಪ್ಪ ಡ್ವೇನ್ ಊರಿನ ಐಸ್ ಅಂಗಳದಲ್ಲಿ, ಅಂದರೆ ರಿಂಕ್‌ನಲ್ಲಿ, ಐಸ್ ನುಣುಪು ಮಾಡುವ ಯಂತ್ರ ಓಡಿಸುವವನು. ಅವನದು ಒಂದೇ ಹಟ. "ಹುಡುಗರ ಜೊತೆ ಆಡಿದ್ರೇನೇ ಕಣೇ ಕೈಗೆ ವೇಗ ಬರೋದು. ಅಲ್ಲಿಗೆ ಹೋದ್ರೆ ಮೆತ್ತಗಾಗ್ತಾಳೆ."

"ಮೆತ್ತಗಾಗಿರೋದು ನಿನ್ನ ಮೆದುಳು," ಎಂದಳು ಅಮ್ಮ ಕಾರ್ಲೀನ್. ಶಾಲಾ ಬಸ್ಸು ಓಡಿಸಿ ಓಡಿಸಿ ಅವಳ ಗಂಟಲು ಹಾರ್ನಿಗಿಂತ ಜೋರು. "ಕಾಲೇಜಿನೋರು ಆಟಗಾರ್ತೀರನ್ನ ಹುಡುಕ್ಕೊಂಡು ಬರೋದು ಆ ಶಾಲೆಗೆ. ನಿನ್ನ ಕೊಟ್ಟಿಗೆಗಲ್ಲ."

ರಿಂಕನ್ನು ಕೊಟ್ಟಿಗೆ ಎಂದದ್ದಕ್ಕೆ ಡ್ವೇನ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಅಂಚೆ ಕಚೇರಿಯ ಬರ್ನೀಸ್ ಮಾತ್ರ ಎರಡೂ ಪಕ್ಷಕ್ಕೆ ಸೇರಿದವಳು. ಸ್ಟಾಂಪು ಕೊಳ್ಳಲು ಬಂದವರು ಯಾವ ಪಕ್ಷವೋ ಅದೇ ಅವಳ ಪಕ್ಷ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಶೇಲಾ ಅಜ್ಜಿಯ ಜೊತೆ ಪಿರೋಗಿ ಕಡುಬಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದಳು. ಡ್ವೇನನ ತಾಯಿ ಓಲ್ಗಾ ಮೂವತ್ತೊಂದು ವರ್ಷದಿಂದ ರಿಂಕ್‌ನ ಸಮಯಪಾಲಕಿ. ಕೊರಳಲ್ಲಿ ಸ್ಟಾಪ್‌ವಾಚ್ ಇಲ್ಲದೆ ಅವಳನ್ನು ಕಂಡವರಿಲ್ಲ.

"ನವೆಂಬರ್‌ನಲ್ಲಿ ಒಂದೊಂದು ಮ್ಯಾಚಿಗೂ ಇಪ್ಪತ್ತು ನಿಮಿಷ ಆಡ್ತಿದ್ದೆ. ಹೋದ ವಾರ ಎಷ್ಟು ಗೊತ್ತಾ? ನಾಲ್ಕು," ಎಂದಳು ಅಜ್ಜಿ.

ಶೇಲಾಳ ಕಿವಿ ಕೆಂಪಾಯಿತು. "ಹುಡುಗರೆಲ್ಲ ಎತ್ತರ ಆಗ್ಬಿಟ್ಟಿದಾರೆ ಅಜ್ಜಿ. ಬೆಂಚಲ್ಲಿ ಕೂತು ನೋಡಿ ಕಲಿ ಅಂತಾರೆ ಕೋಚು."

"ಕೂತು ಕಲಿಯೋದಾ? ನಾನು ಮೂವತ್ತೊಂದು ವರ್ಷದಿಂದ ಕೂತಿದೀನಿ. ಒಂದು ಗೋಲೂ ಹೊಡೆದಿಲ್ಲ!"

ಶೇಲಾ ನಕ್ಕುಬಿಟ್ಟಳು. ಆಮೇಲೆ ಮೆಲ್ಲಗೆ, "ಅಪ್ಪಂಗೆ ಗೊತ್ತಿಲ್ವಾ?" ಎಂದಳು.

"ಅವನು ರಿಂಕಲ್ಲಿ ನೋಡೋದು ಐಸನ್ನ. ಆಟಾನಲ್ಲ."

ಮಧ್ಯಾಹ್ನ ಬಂಧುಬಳಗವೆಲ್ಲ ಬರ್ನೀಸಳನ್ನೂ ಕೂಡಿಸಿಕೊಂಡು ಹೊಲದ ಹೆಪ್ಪುಗಟ್ಟಿದ ಹೊಂಡದ ಮೇಲೆ ಸೇರಿತು. ಡ್ವೇನ್ ಹಳೆಯ ಪ್ಯಾಡ್ ಕಟ್ಟಿಕೊಂಡು ಒಂದು ಗೋಲಿಗೆ ನಿಂತ. ಇನ್ನೊಂದು ಗೋಲಿಗೆ ಚಿಕ್ಕಪ್ಪ ಮೈರನ್, ಕೈಯಲ್ಲಿ ಹಿಮ ಬಾಚುವ ಸಲಿಕೆ.

"ಪಂದ್ಯ ಕಟ್ತೀಯಾ?" ಕಾರ್ಲೀನ್ ಕೂಗಿದಳು. "ನಿನ್ನ ಕಡೆ ಗೆದ್ರೆ ಇಲ್ಲೇ ಇರ್ಲಿ. ಮೈರನ್ ಕಡೆ ಗೆದ್ರೆ ಕಳಿಸು."

"ಕಟ್ಟಿದೆ!" ಎಂದ ಡ್ವೇನ್. ಮಗಳ ಭವಿಷ್ಯವನ್ನು ಹೀಗೆ ಹೊಂಡದಲ್ಲಿ ತೀರ್ಮಾನಿಸುವುದು ಸರಿಯೇ ಎಂದು ಯಾರೂ ಕೇಳಲಿಲ್ಲ. ಹಾಕಿ ಮನೆತನದಲ್ಲಿ ಇನ್ನೆಲ್ಲಿ ತೀರ್ಮಾನವಾಗಬೇಕು!

ಎಲ್ಲರೂ ತಮ್ಮ ತಮ್ಮ ಹಾಕಿ ಕೋಲನ್ನು ನಡುವೆ ಗುಡ್ಡೆ ಹಾಕಿದರು. ಅಜ್ಜಿ ಟೋಪಿಯನ್ನು ಕಣ್ಣ ಮೇಲೆ ಎಳೆದುಕೊಂಡು, ಒಂದೊಂದೇ ಕೋಲನ್ನು ಎಡಕ್ಕೂ ಬಲಕ್ಕೂ ಎಸೆದಳು. ಯಾರ ಕೋಲು ಎತ್ತ ಬೀಳುತ್ತದೋ ಅತ್ತ ಅವರು, ಅದಕ್ಕೆ ಮೇಲ್ಮನವಿಯಿಲ್ಲ. ಕಾರ್ಲೀನಳ ಕೋಲು ಮೈರನ್ ಕಡೆಗೆ ಬಿತ್ತು. ಶೇಲಾಳದು ಅಪ್ಪನ ಕಡೆಗೆ.

ಡ್ವೇನ್ ಪ್ಯಾಡ್ ಸಮೇತ ಕುಣಿದ. ಶೇಲಾಳ ಎದೆ ಧಸಕ್ಕೆಂದಿತು. ತನ್ನ ಮನಸ್ಸಿನಲ್ಲಿ ಏನಿತ್ತೆಂದು ಅವಳಿಗೆ ಆಗಲೇ ಗೊತ್ತಾದದ್ದು.

ಆದರೂ ಅವಳು ಚೆನ್ನಾಗಿಯೇ ಆಡಿದಳು. ಚೆಂಡಿನ ಬದಲಿಗೆ ಆಡುವ ರಬ್ಬರ್ ಬಿಲ್ಲೆ ಕೋಲಿಗೆ ತಾಗಿದರೆ ಕಳಪೆಯಾಗಿ ಆಡುವುದು ಅವಳಿಗೆ ಬರುತ್ತಿರಲಿಲ್ಲ. ಬರ್ನೀಸ್ ಎರಡು ಸಲ ಪಕ್ಷ ಬದಲಿಸಿದಳು. ಮೈರನ್ ಸಲಿಕೆಯಿಂದ ಬಿಲ್ಲೆಯ ಜೊತೆ ಅಡ್ಡ ಬಂದ ನಾಯಿಯನ್ನೂ ಆಚೆ ತಳ್ಳಿದ. ಒಂಬತ್ತು ಒಂಬತ್ತು ಆಯಿತು.

"ಪಿರೋಗಿಗೆ ಇಟ್ಟ ನೀರು ಕುದೀತಿದೆ!" ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ಮುಂದಿನ ಗೋಲೇ ಕೊನೇದು!"

ಬಿಲ್ಲೆ ಶೇಲಾಳ ಕೋಲಿಗೆ ಬಂತು. ಮುಂದೆ ಒಬ್ಬರೂ ಇಲ್ಲ. ಮೈರನ್ ಸಲಿಕೆ ಊರಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ. "ಹೊಡಿ ಮಗಳೇ!" ಹಿಂದಿನಿಂದ ಅಪ್ಪ ಗಂಟಲು ಹರಿದುಕೊಂಡ.

ಶೇಲಾ ಗಕ್ಕನೆ ತಿರುಗಿದಳು. ಅಪ್ಪನ ಕಡೆಗೇ ಬಿಲ್ಲೆ ತಳ್ಳಿಕೊಂಡು ಹೊರಟಳು.

"ಏಯ್! ಆ ಕಡೆ! ಆ ಕಡೆ ಕಣೇ!" ಡ್ವೇನ್ ಕೈ ಬೀಸಿದ. ಅವಳು ನಿಲ್ಲಲಿಲ್ಲ. ಅವಳ ಮುಖ ಕಂಡಾಗ ಅವನ ಕೈ ಕೆಳಗಿಳಿಯಿತು. ಆಮೇಲೆ ಮಂಡಿ ಬಗ್ಗಿಸಿ, ಗ್ಲೌಸ್ ಮೇಲೆತ್ತಿ, "ಸುಮ್ನೆ ಬಿಡ್ತೀನಿ ಅನ್ಕೋಬೇಡ. ಹೊಡಿ ನೋಡೋಣ!" ಎಂದು ಗುಡುಗಿದ.

ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ಎಳೆದು ಹೊಡೆದಳು. ಡ್ವೇನ್ ನಿಜವಾಗಿಯೂ ಹಾರಿದ, ಉದ್ದುದ್ದ ಬಿದ್ದ. ಬಿಲ್ಲೆ ಬಲೆಯೊಳಗಿತ್ತು.

ಕಾರ್ಲೀನ್ ಕಿರುಚಿದ ಸದ್ದಿಗೆ ಬೇಲಿಯ ಮೇಲಿನ ಕಾಗೆಗಳೆಲ್ಲ ಎದ್ದವು. ಮೈರನ್ ಸಲಿಕೆಯನ್ನು ತಬ್ಬಿಕೊಂಡು ಕುಣಿದ. ಶೇಲಾಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಐವತ್ತೆರಡು ನಿಮಿಷ!" ಅಜ್ಜಿ ಸ್ಟಾಪ್‌ವಾಚ್ ಒತ್ತಿ ಕೂಗಿದಳು. "ಶೇಲಾ ಒಂದು ಸಲಾನೂ ಕೂತಿಲ್ಲ!"

ಐಸ್ ಮೇಲೆ ಅಂಗಾತ ಮಲಗಿದ್ದ ಡ್ವೇನ್ ತಲೆಯೆತ್ತಿದ. "ನಮ್ಮ ರಿಂಕಲ್ಲಿ ಎಷ್ಟಮ್ಮಾ?"

"ಹೋದ ವಾರ ನಾಲ್ಕು."

ಡ್ವೇನ್ ಮಗಳನ್ನು ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಎದ್ದು ಕೂತು, ಗ್ಲೌಸನ್ನು ಹಲ್ಲಿನಿಂದ ಕಿತ್ತು ಕೈ ಚಾಚಿದ. "ಫೋನ್ ಕೊಡು ಕಾರ್ಲೀನ್. ನಾನೇ ಹೇಳ್ತೀನಿ."

ಆ ಕಡೆ ಹಾಕಿ ಶಾಲೆಯವರು ಹಲೋ ಎಂದಾಗ ಅವನು ಒಂದೇ ಉಸಿರಿಗೆ ಹೇಳಿದ. "ಹೂಂ, ಬರ್ತಾಳೆ. ಒಂದೇ ಒಂದು ಮಾತು, ಮೇಡಂ. ಅವಳನ್ನ ಕೂರಿಸ್ಬೇಡಿ."