ಬೇಯಿಸದ ಮುಖ

ಔಸ್ಮಾ ಲಾಟ್ವಿಯಾದಿಂದ ದಕ್ಷಿಣ ಕನ್ನಡಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಊರವರ ಬಾಯಲ್ಲಿ ಅವಳು ಬಂದ ತಿಂಗಳಲ್ಲೇ ಆಸ್ಮಾ ಆಗಿಬಿಟ್ಟಿದ್ದಳು. ಲಾಟ್ವಿಯಾ ಎಂದರೆ ಎಲ್ಲಿ ಎಂದು ಯಾರಾದರೂ ಕೇಳಿದರೆ, "ರಷ್ಯದ ಪಕ್ಕ. ಸಮುದ್ರ ಉಂಟು, ಚಳಿ ಉಂಟು" ಎಂದು ಮುಗಿಸುತ್ತಿದ್ದಳು.

ಹದಿನೇಳನೆಯ ವಯಸ್ಸಿಗೆ ಅವಳು ಅಲ್ಲಿನ ರೀಗಾ ನಗರದ ಪಿಂಗಾಣಿ ಕಾರ್ಖಾನೆಯೊಂದಕ್ಕೆ ಸೇರಿದ್ದಳು. ಹಗಲು ಬಟ್ಟಲುಗಳಿಗೆ ನೀಲಿ ಹೂ ಬರೆಯುವ ಕೆಲಸ, ಸಂಜೆ ಕಲಾಶಾಲೆ. ಮೂವತ್ತು ತುಂಬುವಷ್ಟರಲ್ಲಿ ಶಿಲ್ಪಿ ಎಂದು ಹೆಸರಾಗಿತ್ತು. ಆಸ್ಪತ್ರೆಯೊಂದರ ಗೋಡೆಗೆ ಅವಳು ಸುಟ್ಟ ಮಣ್ಣಿನಲ್ಲಿ ಮಾಡಿದ ಹನ್ನೆರಡು ಹೆಂಗಸರ ಉಬ್ಬುಶಿಲ್ಪದ ಬಗ್ಗೆ ಪತ್ರಿಕೆಗಳು ಬರೆದಿದ್ದವು. ಆಮೇಲೆ ಸೋವಿಯತ್ ಆಳ್ವಿಕೆ ಮುಗಿಯಿತು, ಕಾರ್ಖಾನೆ ಮುಚ್ಚಿತು. ಆಸ್ಪತ್ರೆಯ ಕಟ್ಟಡವನ್ನು ಕೆಡವಿದಾಗ ಹನ್ನೆರಡು ಹೆಂಗಸರೂ ಕಲ್ಲುಮಣ್ಣಿನ ಲಾರಿ ಹತ್ತಿ ಹೋದರು. ಅವಳಿಗೆ ಒಂದು ಮಾತು ತಿಳಿಸಿದವರಿಲ್ಲ.

ಹೊಟ್ಟೆಪಾಡಿಗೆ ಅವಳು ಗೋರಿಗಳ ಕೆಲಸ ಹಿಡಿದಳು. ಅಲ್ಲಿ ಸಮಾಧಿಯ ಕಲ್ಲಿಗೆ ಸತ್ತವರ ಮುಖವನ್ನು ಕೂರಿಸುವ ಪದ್ಧತಿ. ಮನೆಯವರು ಫೋಟೋ ಕೊಡುತ್ತಿದ್ದರು, ಅವಳು ಮಣ್ಣಿನಲ್ಲಿ ಮುಖ ತೆಗೆದು ಸುಟ್ಟು ಕೊಡುತ್ತಿದ್ದಳು. ಇಪ್ಪತ್ತು ವರ್ಷ ಅದೇ ಕೆಲಸ. "ಇವನೇ, ಥೇಟ್ ಇವನೇ" ಎಂದು ಅತ್ತವರ ಲೆಕ್ಕವಿಲ್ಲ. ಬದುಕಿನಲ್ಲಿ ಉಳಿದದ್ದೆಲ್ಲ ಕೈತಪ್ಪಿದರೂ ಮುಖ ಮಾತ್ರ ತನಗೆ ತಪ್ಪುವುದಿಲ್ಲ ಎಂಬ ಒಂದು ನಂಬಿಕೆ ಅವಳಲ್ಲಿ ಗಟ್ಟಿಯಾಗಿ ಕುಳಿತಿತ್ತು.

ಮೂಡುಬಿದಿರೆಯ ಶಿಲ್ಪ ಶಿಬಿರವೊಂದಕ್ಕೆ ಕರೆ ಬಂದಾಗ ಅವಳಿಗೆ ಐವತ್ತಮೂರು. ಶಿಬಿರ ಮುಗಿದ ಮೇಲೆ ಯಾರೋ ಅವಳನ್ನು ಬೆಳ್ತಂಗಡಿ ಕಡೆಯ ಹರಕೆಯ ಬನವೊಂದಕ್ಕೆ ಕರೆದೊಯ್ದರು. ಮರಗಳ ಬುಡದಲ್ಲಿ ಮಣ್ಣಿನ ಮಗು, ಮಣ್ಣಿನ ಮನೆ, ಮಣ್ಣಿನ ಕೈಕಾಲು ರಾಶಿಬಿದ್ದಿದ್ದವು. ಹರಕೆಯ ಗೊಂಬೆ ಮಾಡುವ ಮುಂಡಪ್ಪ ಮೂಲ್ಯ ಅಲ್ಲೇ ಸಿಕ್ಕಿದ. ಇವನ್ನು ಯಾರೂ ಜೋಪಾನವಾಗಿ ಇಡುವುದಿಲ್ಲವೇ ಎಂದು ಜೊತೆಗಿದ್ದವರ ಮೂಲಕ ಅವಳು ಕೇಳಿಸಿದಳು.

"ಎಂತಕ್ಕೆ ಇಡುವುದು ಅಕ್ಕ? ದೇವರಿಗೆ ಕೊಟ್ಟಾಯ್ತಲ್ಲ" ಎಂದ ಮುಂಡಪ್ಪ.

ಊರಿಗೆ ಹೋದವಳು ಆ ಮಾತನ್ನು ಮರೆಯಲಾಗದೆ ಮನೆ ಮಾರಿ ತಿರುಗಿ ಬಂದಳು. ಎರಡು ವರ್ಷ ಮುಂಡಪ್ಪನ ಅಂಗಳದಲ್ಲಿ ಕೂತು ಇಲ್ಲಿನ ಗದ್ದೆಮಣ್ಣಿನ ಗುಣ ಕಲಿತಳು, ಜೊತೆಗೆ ಕನ್ನಡವನ್ನೂ. ಆಮೇಲೆ ವಿಟ್ಲದ ಹತ್ತಿರದ ಕನ್ಯಾನದಲ್ಲಿ ಆಸ್ಯಮ್ಮ ಎಂಬವಳ ಮನೆಯ ಹಿಂದಿನ ಶೆಡ್ಡು ಬಾಡಿಗೆಗೆ ಸಿಕ್ಕಿತು.

ಆಸ್ಯಮ್ಮನ ಒಬ್ಬನೇ ಮಗ ಹಾರಿಸ್ ಸೌದಿಯ ದಮ್ಮಾಮಿನಲ್ಲಿದ್ದ. ಕೊರೊನಾದ ವರ್ಷ, ವಿಮಾನಗಳೆಲ್ಲ ನಿಂತಿದ್ದಾಗ, ಮಲಗಿದ್ದಲ್ಲೇ ಎದೆನೋವು ಬಂದು ತೀರಿಕೊಂಡ. ಅಲ್ಲೇ ದಫನ ಮಾಡಿದರು. ತಾಯಿಗೆ ಕೊನೆಯದಾಗಿ ಮುಖ ನೋಡಲು ಸಿಗಲಿಲ್ಲ. ಸೊಸೆ ಫಾಯಿಝಾ ವಿಟ್ಲದ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಹಾರಿಸನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಒಂದು ಫೆಬ್ರವರಿಯಲ್ಲಿ ಆಸ್ಯಮ್ಮ ತನ್ನ ಮೊಬೈಲಿನಲ್ಲಿದ್ದ ಮಗನ ಫೋಟೋವನ್ನು ಔಸ್ಮಾಳಿಗೆ ತೋರಿಸಿದಳು. ಔಸ್ಮಾ ಅದನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡಳು. ಹತ್ತು ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದಳು. ಹನ್ನೊಂದನೆಯ ದಿನ ಆಸ್ಯಮ್ಮನನ್ನು ಕರೆದು, ಮಣ್ಣಿನಲ್ಲಿ ಮಾಡಿದ ಹಾರಿಸನ ಮುಖದ ಮೇಲಿನ ಒದ್ದೆ ಬಟ್ಟೆ ಸರಿಸಿದಳು.

ಆಸ್ಯಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಯಾ ಅಲ್ಲಾಹ್! ಇದೆಂತ ಮಾಡಿದ್ರಿ ಆಸ್ಮಾ? ನಮ್ಮಲ್ಲಿ ಇದು ಆಗುವುದಿಲ್ಲ ಅಂತ ನಿಮಗೆ ಗೊತ್ತಿಲ್ವಾ?"

ಔಸ್ಮಾಳಿಗೆ ಗೊತ್ತಿತ್ತು. ಆ ಮನೆಯ ಗೋಡೆಯಲ್ಲಿ ಒಂದು ಚಿತ್ರವನ್ನೂ ಅವಳು ಕಂಡಿರಲಿಲ್ಲ. ಆದರೂ ಕಂಡರೆ ತಾಯಿಯ ಮನಸ್ಸು ಒಪ್ಪೀತು ಎಂದುಕೊಂಡಿದ್ದಳು. ಆಸ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಮರುದಿನ ಸಂಜೆಯ ಅಸರ್ ನಮಾಝ್ ಮುಗಿಸಿ ಬಂದಳು.

"ಇದನ್ನು ಬೆಂಕಿಯಲ್ಲಿ ಬೇಯಿಸಿದ್ರಾ?"

"ಇಲ್ಲ. ಹಸಿ ಉಂಟು."

"ಬೇಯಿಸ್ಬೇಡಿ. ಹಸಿ ಇರುವವರೆಗೆ ಅದು ಬರೀ ಮಣ್ಣೇ ಅಲ್ವಾ?"

ಇದನ್ನು ಅವಳು ಮಸೀದಿಯ ಯಾವ ಉಸ್ತಾದರ ಹತ್ತಿರವೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳುತ್ತಾರೆಂದು ಅವಳಿಗೆ ತಿಳಿದಿತ್ತು. ಅಂದಿನಿಂದ ದಿನಾ ಅದೇ ಹೊತ್ತಿಗೆ ಬಂದಳು. ಮೊದಮೊದಲು ಸುಮ್ಮನೆ ನೋಡಿ ಹೋಗುತ್ತಿದ್ದವಳು ಕ್ರಮೇಣ ಮಾತಾಡತೊಡಗಿದಳು. ಮಗ ಶಾಲೆ ತಪ್ಪಿಸಿ ಹೊಳೆಗೆ ಹೋದದ್ದು, ಮೊದಲ ಸಲ ಗಲ್ಫಿಗೆ ಹೊರಟಾಗ ಉಪ್ಪಿನಕಾಯಿ ಭರಣಿ ಒಡೆದು ಬಟ್ಟೆಯೆಲ್ಲ ಹಾಳಾದದ್ದು. ಔಸ್ಮಾ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಆ ಮುಖವನ್ನು ಒಣಗಲು ಬಿಡದೆ ಕಾಪಾಡಿದಳು. ಏಪ್ರಿಲಿನ ಸೆಕೆಯಲ್ಲಿ ನಡುಹಗಲೂ ಎದ್ದು ನೀರು ಹಾಕಬೇಕಾಯಿತು. ಆಗಲೇ ಕೆಮ್ಮು ಶುರುವಾಗಿತ್ತು, ಅವಳು ಗಮನಿಸಲಿಲ್ಲ. ತನ್ನ ಕೈಯ ಕೆಲಸವೊಂದನ್ನು ನೋಡಲು ಒಬ್ಬರು ದಿನಾ ಬರುತ್ತಾರೆಂಬುದು ಅವಳಿಗೆ ಹೊಸತು.

ಮೇ ತಿಂಗಳ ಒಂದು ಭಾನುವಾರ ಫಾಯಿಝಾ ಅತ್ತೆಯನ್ನು ಹುಡುಕುತ್ತ ಶೆಡ್ಡಿಗೆ ಬಂದಳು. ಬಟ್ಟೆ ಸರಿದಿತ್ತು. ಗಂಡನ ಮುಖವನ್ನು ಅವಳು ತುಂಬ ಹೊತ್ತು ನೋಡಿದಳು. ಅಳಲಿಲ್ಲ.

"ಉಮ್ಮ, ಮಚ್ಚೆ ಈ ಬದಿಯಲ್ಲಿ ಅಲ್ಲ."

"ಎಂತದು?"

"ಅವರ ಮಚ್ಚೆ ಬಲಕೆನ್ನೆಯಲ್ಲಿ ಇದ್ದದ್ದು. ಇದರಲ್ಲಿ ಎಡಕ್ಕೆ ಉಂಟು. ಬೈತಲೆ ಕೂಡ ಉಲ್ಟಾ. ನೀವು ಕೊಟ್ಟದ್ದು ಸೆಲ್ಫಿ, ಉಮ್ಮ. ಅವರ ಹಳೆ ಮೊಬೈಲಿನ ಸೆಲ್ಫಿಯಲ್ಲಿ ಎಲ್ಲ ಕನ್ನಡಿಯ ಹಾಗೆ ಬೀಳ್ತಿತ್ತು."

"ಹೆತ್ತವಳು ನಾನು" ಎಂದಳು ಆಸ್ಯಮ್ಮ, ಸಿಟ್ಟಿನಿಂದ. ಆಮೇಲೆ ಅವಳ ಕೈ ಗಾಳಿಯಲ್ಲಿ ಎದ್ದಿತು. ಎಳೆಮಗುವಿನ ಕೆನ್ನೆ ಒರೆಸುವ ಹಾಗೆ ಒಮ್ಮೆ ಬಲಗೈ, ಒಮ್ಮೆ ಎಡಗೈ. ಎರಡೂ ಕೈ ಅರ್ಧದಲ್ಲೇ ನಿಂತವು. "ನನಗೆ ನೆನಪಿಲ್ಲ ಫಾಯಿಝಾ. ಯಾವ ಬದಿ ಅಂತ ನನಗೆ ನೆನಪೇ ಇಲ್ಲ."

ಔಸ್ಮಾ ಗಾಬರಿಯಿಂದ ಹತ್ತಿರ ಬಂದಳು. "ನಾನು ಸರಿ ಮಾಡ್ತೇನೆ. ಎರಡು ದಿನ ಸಾಕು."

"ಬೇಡ. ನೀವು ಸರಿ ಮಾಡಿದ್ರೂ ನನಗೆ ಗೊತ್ತಾಗುವುದಿಲ್ಲವಲ್ಲ" ಎಂದಳು ಆಸ್ಯಮ್ಮ.

ಫಾಯಿಝಾ ಹೊರಡುವಾಗ ತಿರುಗಿ ಹೇಳಿದಳು: "ಮೂರು ತಿಂಗಳು ನೀವಿಬ್ಬರೂ ಇಲ್ಲಿ ಕೂತಿದ್ರಿ. ನನ್ನನ್ನು ಒಂದು ಮಾತು ಕೇಳ್ಬಹುದಿತ್ತು."

ಎಂಟು ದಿನ ಯಾರೂ ಬರಲಿಲ್ಲ. ಔಸ್ಮಾ ಅಭ್ಯಾಸಬಲದಿಂದ ನೀರು ಚಿಮುಕಿಸುತ್ತಲೇ ಇದ್ದಳು. ಇಪ್ಪತ್ತು ವರ್ಷ ತಾನು ಗೋರಿಗಳಿಗೆ ಮಾಡಿಕೊಟ್ಟ ಮುಖಗಳು ಒಂದೊಂದಾಗಿ ಕಣ್ಣಿಗೆ ಬರುತ್ತಿದ್ದವು. ಅವುಗಳ ಫೋಟೋಗಳಲ್ಲಿ ಕನ್ನಡಿಯೆದುರು ತೆಗೆದವು, ಮಸುಕಾದವು, ಯಾರೋ ತಿದ್ದಿದವು ಇದ್ದವು. ಅತ್ತವರೆಲ್ಲ ಫೋಟೋದ ಹೋಲಿಕೆ ನೋಡಿ ಅತ್ತರೋ, ನಿಜವಾದ ಮುಖ ನೆನೆದು ಅತ್ತರೋ? ಈಗ ಕೇಳೋಣವೆಂದರೆ ಅವರೂ ಇಲ್ಲ.

ಒಂಬತ್ತನೆಯ ದಿನ ಅತ್ತೆ ಸೊಸೆ ಒಟ್ಟಿಗೆ ಬಂದರು.

"ನೀರಿಗೆ ಹಾಕುವ. ಕರಗಲಿ" ಎಂದಳು ಆಸ್ಯಮ್ಮ.

"ಹಸಿ ಮಣ್ಣು ಬೇಗ ಕರಗುವುದಿಲ್ಲ. ಮೊದಲು ಪೂರ್ತಿ ಒಣಗಬೇಕು" ಎಂದಳು ಔಸ್ಮಾ.

ಬಟ್ಟೆಯನ್ನು ಫಾಯಿಝಾ ತೆಗೆದಳು. ದಿನಕಳೆದಂತೆ ಮುಖ ಬಿಳಿಚಿಕೊಂಡಿತು, ಹಣೆಯಿಂದ ಮೂಗಿನವರೆಗೆ ಒಂದು ಬಿರುಕು ಬಿಟ್ಟಿತು. ಹತ್ತು ದಿನವೂ ಆಸ್ಯಮ್ಮ ಆ ಕಡೆ ಸುಳಿಯಲಿಲ್ಲ. ಹನ್ನೊಂದನೆಯ ದಿನ ಮೂವರೂ ಸೇರಿ ಅದನ್ನು ಎತ್ತಿ ನೀರು ತುಂಬಿದ ತೊಟ್ಟಿಗೆ ಇಳಿಸಿದರು. ಗುಳ್ಳೆಗಳು ಎದ್ದವು. ಮೊದಲು ಕಿವಿ ಕಳಚಿತು, ಆಮೇಲೆ ಕೆನ್ನೆ. ಆಸ್ಯಮ್ಮ "ಇನ್ನಾ ಲಿಲ್ಲಾಹಿ" ಎಂದು ಸತ್ತವರಿಗೆ ಹೇಳುವ ಮಾತು ಶುರುಮಾಡಿದಳು. ಉಳಿದದ್ದನ್ನು ಫಾಯಿಝಾ ಹೇಳಿ ಮುಗಿಸಿದಳು. ಗದ್ದ ಕರಗುವವರೆಗೂ ಅತ್ತೆ ಸೊಸೆ ಪರಸ್ಪರ ಹಿಡಿದ ಕೈ ಬಿಡಲಿಲ್ಲ. ಔಸ್ಮಾ ತೊಟ್ಟಿಯ ಆಚೆ ಒಬ್ಬಳೇ ನಿಂತಿದ್ದಳು.

ಔಸ್ಮಾ ಆಮೇಲೆ ಯಾರ ಮುಖವನ್ನೂ ಮಾಡಲಿಲ್ಲ. ಕೆಲವು ತಿಂಗಳು ತಟ್ಟೆ ಬಟ್ಟಲು ಮಾಡಿದಳು. ಕೆಮ್ಮು ಏರಿತು. ವರ್ಷಗಟ್ಟಲೆ ಕುಡಿದ ಮಣ್ಣಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಈ ಕೆಲಸ ಇನ್ನು ಬೇಡ ಎಂದರು ಮಂಗಳೂರಿನ ಡಾಕ್ಟರು. ನವೆಂಬರಿನಲ್ಲಿ ಅವಳ ತಂಗಿ ಬಂದು ರೀಗಾಕ್ಕೆ ಕರೆದುಕೊಂಡು ಹೋದಳು.

ಅಲ್ಲಿಂದ ಅವಳು ಕನ್ನಡದಲ್ಲಿ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು. ಫಾಯಿಝಾ ಜೋರಾಗಿ ಇಟ್ಟು ಅತ್ತೆಗೆ ಕೇಳಿಸುತ್ತಿದ್ದಳು. ಮೊದಲು ಎರಡೆರಡು ನಿಮಿಷ, ಆಮೇಲೆ ಒಂದು ವಾಕ್ಯ, ಅದರ ತುಂಬ ಉಸಿರಿನ ಶಬ್ದ. ಕೊನೆಯದು ಮಾರ್ಚಿನಲ್ಲಿ ಬಂತು. "ಇಲ್ಲಿ ಇನ್ನೂ ಚಳಿ ಉಂಟು" ಎಂದಷ್ಟೇ ಅದರಲ್ಲಿತ್ತು. ಅದಕ್ಕೆ ಆಸ್ಯಮ್ಮ ಉತ್ತರ ಹೇಳಿ ಫಾಯಿಝಾಳಿಂದ ಕಳಿಸಿದಳು. ತಿಂಗಳು ಕಳೆದರೂ ಅದನ್ನು ಆ ಕಡೆಯಲ್ಲಿ ಯಾರೂ ಕೇಳಿದ ಗುರುತು ಮೊಬೈಲಿನಲ್ಲಿ ಬೀಳಲಿಲ್ಲ.