ಎಡಮಗ್ಗುಲಿನ ಅಕ್ಕ

ನಾನು ಒಂದು ವಿಡಿಯೋ ಗೇಮ್ ಪೆಟ್ಟಿಗೆ. ನಾಣ್ಯ ಹಾಕಿ, ಎದುರಿಗೆ ನಿಂತು ಆಡುವ ಕಾಲದ್ದು. ಜಪಾನಿನಲ್ಲಿ ಹುಟ್ಟಿದೆನೆಂದು ಜಂಬ ಕೊಚ್ಚಿಕೊಳ್ಳುವ ಆಸೆ ನನಗಿಲ್ಲ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮೌನೇಶ ಬಡಿಗೇರನ ಕೈಯಲ್ಲಿ. ಅಲ್ಲಿಯವರೆಗೆ ಕಪಾಟು, ಮಂಚ ಮಾಡಿದವನು ಅವನು. ನನ್ನಂಥದ್ದನ್ನು ಕಣ್ಣಿಂದ ಕಂಡವನಲ್ಲ. ಆಟದಂಗಡಿ ತೆರೆಯಲು ಹೊರಟಿದ್ದ ತುಳಜಾಸಾ ಮೆಹರವಾಡೆಯವರು ಬೊಂಬಾಯಿಯಲ್ಲಿ ಒಂದು ಪೆಟ್ಟಿಗೆಯನ್ನು ಗೇಣು ಹಾಕಿ ಅಳೆದುಕೊಂಡು ಬಂದಿದ್ದರು. ಅವರ ಗೇಣು ಉದ್ದ, ಮೌನೇಶನದು ಮೋಟು. ಹಾಗಾಗಿ ನಾನು ಗಿಡ್ಡನಾದೆ. ಹುಡುಗರಿಗೆ ಅದೇ ಅನುಕೂಲವಾಯಿತು.

ಒಳಗಿನ ಟಿವಿ, ಆಟದ ಸರ್ಕ್ಯೂಟು ಬೊಂಬಾಯಿಯಿಂದ ರೈಲಿನಲ್ಲಿ ಬಂದವು. ಮೈಮೇಲೆ ಚಿತ್ರ ಬರೆಯಲು ಬಂದವನು ಸಿದ್ರಾಮ ಚಿತ್ರಗಾರ, ಟಾಕೀಸುಗಳ ಬ್ಯಾನರ್ ಬರೆಯುವವನು. "ರಾಕೆಟ್ ಆಟ ಐತಿ, ರಾಕೆಟ್ ನಡಸಾವನ್ನ ಬರಿ" ಎಂದರು ತುಳಜಾಸಾ. ಸಿದ್ರಾಮ ನನ್ನ ಎಡಮಗ್ಗುಲಿನ ತುಂಬ ಒಂದು ಆಳಿನ ಆಕಾರವನ್ನು ಪೂರಾ ಕೆಂಪು ಬಣ್ಣದಲ್ಲಿ ತುಂಬಿದ. ಅದು ಒಣಗಿದ ಮೇಲೆ ಅದರ ಮೇಲೆ ಹೆಲ್ಮೆಟ್ಟು, ಮುಖ. ಮುಖ ಯಾರದ್ದೆಂದು ತಲೆ ಕೆಡಿಸಿಕೊಳ್ಳಲಿಲ್ಲ. ಮಧ್ಯಾಹ್ನ ಬುತ್ತಿ ತಂದು ಕುಳಿತಿದ್ದ ಹೆಂಡತಿ ಚಂಪವ್ವನನ್ನೇ ನೋಡಿ ಬರೆದ, ಹಣೆಯ ಕುಂಕುಮದ ಸಮೇತ.

"ಹೆಣ್ಮಕ್ಳು ರಾಕೆಟ್ ನಡಸ್ತಾರೇನ್ರಿ?" ಎಂದು ಚಂಪವ್ವ ಸೆರಗು ಬಾಯಿಗಿಟ್ಟು ನಕ್ಕಳು.

"ನನ್ನಂಥಾವನ ಕೂಡ ಸಂಸಾರ ನಡಸಾಕತ್ತಿ, ಇದೇನ್ ಮಹಾ!"

"ಸ್ಟುಡಿಯೋಕ್ಕ ಹೋಗಿ ಒಂದ್ ಫೋಟೋ ತಗಸೋಣು ಅಂದ್ರ ಬರೂದಿಲ್ಲ. ಮಂದಿ ಪೆಟಗಿ ಮ್ಯಾಲೆ ಮಾತ್ರ ಬರೀತೀರಿ."

"ನನ್ನ ಕೈ ಗಟ್ಟಿ ಇರೂತನಾ ನಿನಗ ಫೋಟೋ ಯಾಕ ಬೇಕು?"

ಅಂಗಡಿ ಶುರುವಾಯಿತು. ಹುಡುಗರು ಮುಗಿಬಿದ್ದರು. ಕುಂಕುಮ ಇಟ್ಟುಕೊಂಡು ಆಕಾಶಕ್ಕೆ ಹೊರಟವಳನ್ನು ಕಂಡು ಮೊದಮೊದಲು ಕಿಸಕ್ಕೆಂದರು, ಆಮೇಲೆ ಅಕ್ಕ ಎಂದರು. ಕೊನೆಗೆ ನನಗೇ ಆ ಹೆಸರು ಅಂಟಿತು. ಆಟ ಶುರು ಮಾಡುವ ಮುನ್ನ ಅವಳ ಭುಜ ಮುಟ್ಟಿ ಹಣೆಗೆ ಒತ್ತಿಕೊಳ್ಳುವವರೂ ಇದ್ದರು.

ಆ ವರ್ಷವೇ ಚಂಪವ್ವ ಹೆರಿಗೆಗೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕೂಸೂ ಉಳಿಯಲಿಲ್ಲ.

ದಿನಕರ್ಮ ಮುಗಿಸಿಕೊಂಡು ಸಿದ್ರಾಮ ಅಂಗಡಿಗೆ ಬಂದ. ಆಟದ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಎಡಕ್ಕೆ ನಿಂತು, ಹುಡುಗರ ಗದ್ದಲದ ನಡುವೆ, ಬಾಯೊಳಗೇ ಏನೋ ಮಾತಾಡಿದ. ಸತ್ತವಳ ಮುಖ ಮೈಮೇಲೆ ಹೊತ್ತು ನಿಲ್ಲುವುದು ಹಗುರದ ಕೆಲಸವಲ್ಲ. ಆವತ್ತು ನನಗೆ ಹೆದರಿಕೆಯಾಯಿತು. ಆಮೇಲೆ ಅವನು ಬರುವುದು ರೂಢಿಯಾಯಿತು. ಹೊಸ ಪೆಟ್ಟಿಗೆಗಳು ಬಂದಾಗ ತುಳಜಾಸಾ ಎಲ್ಲವನ್ನೂ ನನ್ನ ಬಲಕ್ಕೇ ಸಾಲಾಗಿ ನಿಲ್ಲಿಸಿದರು. ಎಡಮಗ್ಗುಲನ್ನು ಮಾತ್ರ ಎಂದೂ ಮುಚ್ಚಲಿಲ್ಲ. ಈ ವಿಷಯ ಅವರಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ.

ಕಾಲ ಬದಲಾಯಿತು. ಹುಡುಗರ ಕೈಗೆ ಮೊಬೈಲು ಬಂತು, ಅಂಗಡಿಗೆ ಬೀಗ ಬಿತ್ತು, ನಾನು ಗೋದಾಮು ಸೇರಿದೆ. ತಾಡಪತ್ರಿಯ ಕೆಳಗೆ ಇಲಿಗಳು ನನ್ನ ವೈರು ತಿಂದವು. ಅಕ್ಕನ ಗೊಡವೆಗೆ ಹೋಗಲಿಲ್ಲ.

ತುಳಜಾಸಾ ತೀರಿಕೊಂಡ ಮೇಲೆ ಅವರ ಮನೆಯವರು ಗೋದಾಮು ಖಾಲಿ ಮಾಡಿದರು. ನನ್ನನ್ನು ಕೊಂಡವರು ಹಲ್ಲಿನ ಡಾಕ್ಟರು ಪ್ರಹ್ಲಾದ ಇನಾಮದಾರ. ಹಳೆಯ ಪೆಟ್ಟಿಗೆಗಳನ್ನು ಮೊದಲಿನಂತೆ ಮಾಡುವುದು ಅವರ ಹುಚ್ಚು. ಜತೆಗೆ ಬಂದ ಗೆಳೆಯ ಅಲ್ತಾಫನದು ಬೇರೆ ಹುಚ್ಚು: ಒಳಗಿನದನ್ನೆಲ್ಲ ಕಿತ್ತು, ತೆಳ್ಳನೆಯ ಪರದೆ ಕೂರಿಸಿ, ಒಂದೇ ಪೆಟ್ಟಿಗೆಯಲ್ಲಿ ಸಾವಿರ ಆಟ ತುಂಬುವುದು. ನನ್ನನ್ನು ಮಧ್ಯೆ ನಿಲ್ಲಿಸಿಕೊಂಡು ಇಬ್ಬರೂ ಜಗಳಾಡಿದರು.

"ಒಳಗಿಂದು ತಗದ್ರ ಬರೇ ಕಪಾಟು ಉಳೀತದ, ಅಲ್ತಾಫ. ಅದು ಕೊಲಿ ಮಾಡಿಧಾಂಗ."

"ಒಳಗಿಂದು ಹಾಳಾಗಿ ಹೋಗ್ಲಿ ಡಾಕ್ಟ್ರ. ಈ ಅಕ್ಕನ್ನ ಮಾತ್ರ ಮುಟ್ಟಬ್ಯಾಡ್ರಿ. ಸಣ್ಣಾವಿದ್ದಾಗ ನಾ ಈಕಿ ಬಾಜೂನ ನಿಂತು ಆಡೇನಿ."

"ಏ, ಅದು ಒರಿಜಿನಲ್ ಅಲ್ಲೋ! ಯಾರೋ ಬ್ಯಾನರ್ ಬರಿಯಾಂವ ಬಳದಿದ್ದು."

ಡಾಕ್ಟರು ಮೊಬೈಲಿನಲ್ಲಿ ಪರದೇಶದ ಪೆಟ್ಟಿಗೆಯೊಂದರ ಫೋಟೋ ತೋರಿಸಿದರು. ನನ್ನ ಮೊದಲಿನ ರೂಪ ಅದಂತೆ! ಹುಬ್ಬಳ್ಳಿಯಲ್ಲಿ ಹುಟ್ಟಿದ ನಾನು ಹಾಗೆ ಇದ್ದದ್ದು ಯಾವಾಗ? ಕಾಲಡಿಗೆ ಹಲಗೆ ಬಡಿದು ನನ್ನನ್ನು ಎತ್ತರ ಮಾಡಿದರು. ಟಿವಿ, ಸರ್ಕ್ಯೂಟು, ವೈರುಗಳನ್ನು ತಾಯಿಯಂತೆ ಜೋಪಾನ ಮಾಡಿ ಬದುಕಿಸಿದರು. ಆ ಋಣ ನನ್ನ ಮೇಲಿದೆ. ಆಮೇಲೆ ಎಡಮಗ್ಗುಲಿಗೆ ಉಜ್ಜುವ ಮಷೀನು ಹಿಡಿದರು. ಮೊದಲು ಹೋದದ್ದು ಕಣ್ಣು. ಪುಡಿ ನೆಲಕ್ಕೆ ಬಿತ್ತು. ಕೆಲಸದ ಮಹಾದೇವಿ ಗುಡಿಸಿ ಹೊರಗೆ ಚೆಲ್ಲಿದಳು. ಅಲ್ತಾಫನ ಕೈಗೆ ಸಿಕ್ಕಿದ್ದರೆ ನನ್ನ ಕರುಳು ಹೋಗುತ್ತಿತ್ತು, ಅಕ್ಕ ಉಳಿಯುತ್ತಿದ್ದಳು.

ಬೋಳು ಮೈಗೆ ಬಿಳಿ ಬಣ್ಣ ಬಳಿದು, ಪರದೇಶಿ ಚಿತ್ರದ ಸ್ಟಿಕರ್ ತರಿಸಿ ಇಟ್ಟರು. ಅದನ್ನು ಅಂಟಿಸುವ ಮೊದಲೇ ಬಿಳಿಯೊಳಗಿಂದ ನಸುಗೆಂಪು ಮೂಡಿತು. ಮತ್ತೆ ಬಳಿದರು. ಈ ಸಲ ಭುಜ ಕಂಡಿತು, ತಲೆಯ ದುಂಡು ಕಂಡಿತು. ಇನ್ನೊಮ್ಮೆ ಬಳಿದರು. ಪೂರಾ ಆಕಾರವೇ ಎದ್ದು ಬಂತು, ಕಣ್ಣು ಮೂಗು ಬಾಯಿ ಇಲ್ಲದ್ದು. ಮಹಾದೇವಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು.

"ಹಳೀ ಬಣ್ಣ, ಕಟಗಿಯೊಳಗ ಇಳದದ, ಅದಕ್ಕ ಉಕ್ಕತದ" ಎಂದು ಡಾಕ್ಟರು ಎಲ್ಲರಿಗೂ ಹೇಳಿದರು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಈ ಕೆಂಪನ್ನು ನಿಲ್ಲಿಸುವುದು ಹೇಗೆಂದು ಬರೆದವನನ್ನೇ ಕೇಳಬೇಕೆನಿಸಿ, ಅಲ್ತಾಫನ ಕೈಯಲ್ಲಿ ಸಿದ್ರಾಮನಿಗೆ ಹೇಳಿಕಳಿಸಿದರು.

ಸಿದ್ರಾಮ ಈಗ ಮುದುಕ. ಗೋದಾಮಿಗೆ ಹೋದ ಪೆಟ್ಟಿಗೆ ಎಂದೋ ಗುಜರಿ ಸೇರಿತೆಂದುಕೊಂಡಿದ್ದ. ಅದು ಇದೆ ಎಂದು ತಿಳಿದದ್ದೇ ತಡ, ತೊಳೆದ ಅಂಗಿ ಹಾಕಿಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೀದಾ ಎಡಕ್ಕೆ ಬಂದು ನಿಂತ.

"ಅಜ್ಜಾರ, ಈ ಕೆಂಪು ನಿಲ್ಲವಲ್ದು. ಏನ್ ಮಾಡೂದು?"

ಸಿದ್ರಾಮ ಅಂಗೈಯನ್ನು ನನ್ನ ಮೇಲೆ ಇಟ್ಟ. "ಮುಖ ಎಲ್ಲಿ ಹೋತ್ರಿ?" ಎಂದು ಕೇಳಿದ.

ಡಾಕ್ಟರು ಅರ್ಥವಾಗದೆ ಅಲ್ತಾಫನನ್ನು ನೋಡಿದರು. ಅಲ್ತಾಫ ಅವರನ್ನು ಪಕ್ಕಕ್ಕೆ ಕರೆದು, ಕರೆಯಲು ಹೋದಾಗ ಮುದುಕನ ಬಾಯಿಂದಲೇ ಕೇಳಿದ್ದ ಚಂಪವ್ವನ ಸಂಗತಿ ಹೇಳಿದ. ಡಾಕ್ಟರ ಮುಖ ಕಪ್ಪಿಟ್ಟಿತು. "ನಂಗ ಗೊತ್ತಿರ್ಲಿಲ್ಲ ಅಜ್ಜಾರ. ನೀವು ಮತ್ತ ಬರೀರಿ, ನಿಮ್ಮ ಕೈಲೇ ಬರೀರಿ. ನಾ ಯಾವ ಸ್ಟಿಕರೂ ಹಚ್ಚೂದಿಲ್ಲ" ಎಂದು ಬಣ್ಣ, ಕುಂಚ ತರಿಸಿದರು. ಸ್ಟೂಲನ್ನು ತಾವೇ ಎಳೆದು ಹಾಕಿದರು.

ಮುದುಕನ ಕೈ ಇನ್ನೂ ಗಟ್ಟಿಯಿತ್ತು. ಕೆಂಪಿನ ನಡುವೆ, ಮೂಗುತಿಯ ಹರಳಿನಂತೆ, ಒಂದು ಬಿಳಿ ಚುಕ್ಕೆ ಇಟ್ಟ. ಆಮೇಲೆ ಕುಂಚ ಅಲ್ಲೇ ನಿಂತಿತು. ಅದ್ದಿದ, ಎತ್ತಿದ, ಮತ್ತೆ ಇಳಿಸಿದ.

"ಮೂಗಬಟ್ಟು ನೆನಪೈತ್ರಿ. ಮೂಗು ನೆನಪಿಲ್ಲ" ಎಂದ. ಆ ಚುಕ್ಕೆಯನ್ನೇ ನೋಡುತ್ತ, "ಇದರ ಮ್ಯಾಲೆ ಐತಲಾ ಅಂತ ನಾ ಮನಸಿನ್ಯಾಗ ಇಟಗೊಳ್ಳಲೇ ಇಲ್ರಿ" ಎಂದ.

ಅಲ್ತಾಫ ಅವನ ಕೈಯಿಂದ ಕುಂಚ ತೆಗೆದುಕೊಂಡ.

ನಾನು ಈಗಲೂ ಡಾಕ್ಟರ ಆ ಕೋಣೆಯಲ್ಲಿದ್ದೇನೆ. ಆಟ ಚೆನ್ನಾಗಿ ನಡೆಯುತ್ತದೆ; ಆಡುವವರು ಕಡಿಮೆ. ಡಾಕ್ಟರು ಮತ್ತೆ ಬಿಳಿ ಬಳಿಯಲಿಲ್ಲ. ದಿನವೂ ದೀಪ ಹಾಕಿ, ಕೆಂಪಿನೊಳಗಿಂದ ಇನ್ನೇನಾದರೂ ಮೂಡಿದೆಯೇ ಎಂದು ಬಗ್ಗಿ ನೋಡುತ್ತಾರೆ. ಮೂಡುವುದಿಲ್ಲ. ಮರದೊಳಗೆ ಇಳಿದದ್ದು ಕೆಂಪೊಂದೇ.

ಸಿದ್ರಾಮ ಆಗೀಗ ಬರುತ್ತಾನೆ. ಚಂಪವ್ವನ ಮುಖ ನನಗೆ ನೆನಪಿದೆ: ಬಲಗಣ್ಣು ಎಡಗಣ್ಣಿಗಿಂತ ತುಸು ಕಿರಿದು. ಮೂಗು ಮೊಂಡು, ತುದಿಯಲ್ಲಿ ಸಣ್ಣ ತಗ್ಗು. ನಗುವ ಮೊದಲು ಕೆಳದುಟಿ ಒಳಕ್ಕೆ ಹೋಗುತ್ತಿತ್ತು. ಅವನು ಬರೆದದ್ದು ಆ ಗಳಿಗೆಯನ್ನೇ. ನಿಮಗೆ ಇಷ್ಟು ಹೇಳಬಲ್ಲೆ. ಅವನು ನನ್ನ ಮೇಲೆ ಕೈಯಿಟ್ಟು, "ನೀ ಹೆಂಗ್ ಕಾಣ್ತಿದ್ದಿ, ಒಮ್ಮಿ ಹೇಳ" ಎಂದು ಕೆಂಪನ್ನು ಕೇಳುವಾಗ, ಅವನಿಗೆ ಕೇಳಿಸುವ ದನಿಯಿಲ್ಲದೆ ಸುಮ್ಮನೆ ನಿಂತಿರುತ್ತೇನೆ.