ಮಂಡಕ್ಕಿ ಸೇರಿನ ತಳ

ನಾನೊಂದು ಸೇರು. ದಾವಣಗೆರೆಯಲ್ಲಿ ತಗಡಿನ ಕೆಲಸ ಮಾಡುವ ಮುದುಕನೊಬ್ಬನ ಕೈಯಲ್ಲಿ ಹುಟ್ಟಿದೆ. ತಳ ಬೆಸೆದಾದ ಮೇಲೆ ಆತ ಒಳಗೆ ಬೆರಳಾಡಿಸಿ, "ಚಪ್ಪಟೆ ಐತಿ" ಎಂದು ಪಕ್ಕಕ್ಕಿಟ್ಟ. ಹೊಗಳಿಕೆ ಅಷ್ಟೇ. ನನಗೆ ಅದೇ ಸಾಕಾಗಿತ್ತು.

ನನ್ನನ್ನು ಕೊಂಡವನು ಮಂಡಕ್ಕಿ ಅಂಗಡಿಯ ಬಕ್ಕಪ್ಪ. ಅವನು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ, ಹೆಂಡತಿ ಚೌಡಮ್ಮ ನನ್ನಲ್ಲಿ ಮಂಡಕ್ಕಿ ಅಳೆದು ಕೊಡುತ್ತಿದ್ದಳು. ಅಳೆದಾದ ಮೇಲೆ ಒಂದು ಹಿಡಿ ಕೊಸರು. ಕೊಸರೆಂದರೆ ಲೆಕ್ಕಕ್ಕೆ ಸೇರದ್ದು, ಪ್ರೀತಿಗೆ ಹಾಕಿದ್ದು. ಹಮಾಲಿ ಹಾಲಪ್ಪನಂತೂ ಕೊಸರು ಬೀಳುವ ತನಕ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ.

ಒಂದು ವರ್ಷ ದೂರದ ಕೊಲ್ಲಿಯಲ್ಲಿ ಒಂದು ದೇಶ ಪಕ್ಕದ ದೇಶವನ್ನು ನುಂಗಿತು. ಬಿಡಿಸುತ್ತೇವೆಂದು ಎಷ್ಟೋ ದೇಶಗಳು ಸೈನ್ಯ ಕಳಿಸಿದವು. ರೇಡಿಯೋ ಕೇಳಿ ಬಂದ ಹಾಲಪ್ಪ ಬಜ್ಜಿ ಕಚ್ಚುತ್ತಾ, "ಯಾರ್ದೋ ಮನಿ ಜಗಳಕ್ಕೆ ಊರಿಗೂರೇ ದಂಡು ಕಟ್ಕೊಂಡು ಹೊಂಟೈತಿ. ನ್ಯಾಯ ಮಾಡಾಕೋ, ಎಣ್ಣಿ ಬಾವಿ ಕಾಯಾಕೋ, ದೇವ್ರಿಗೇ ಗೊತ್ತು" ಎಂದ. ಬಕ್ಕಪ್ಪ ನಕ್ಕ.

ನಗು ಬಹಳ ದಿನ ಉಳಿಯಲಿಲ್ಲ. ಸೀಮೆಎಣ್ಣೆ ಸಿಗದಾಯಿತು. ಲಾರಿ ಬಾಡಿಗೆ ಏರಿತು, ಅದರ ಬೆನ್ನಿಗೇ ಶೇಂಗಾ ಎಣ್ಣೆ, ಕಡಲೆಹಿಟ್ಟು, ಮಂಡಕ್ಕಿ. ರೇಟು ಏರಿಸಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ, ಏರಿಸದಿದ್ದರೆ ಅಂಗಡಿಯೇ ಮುಚ್ಚುತ್ತದೆ. ಬಕ್ಕಪ್ಪ ಬಜ್ಜಿ ತಿರುವುವುದನ್ನೂ ಮರೆತು ಯೋಚಿಸುತ್ತಿದ್ದ.

ಒಂದು ಮಧ್ಯಾಹ್ನ ಚೌಡಮ್ಮ ಊಟಕ್ಕೆ ಹೋದಾಗ ಬಕ್ಕಪ್ಪ ನನ್ನನ್ನು ಬೋರಲು ಹಾಕಿ ತಳಕ್ಕೆ ಸುತ್ತಿಗೆಯಿಂದ ಹೊಡೆದ. ತಳ ಒಳಗೆ ಉಬ್ಬಿತು. ಬಾಂಬು ಬಿದ್ದದ್ದು ಎಲ್ಲೋ, ತಗ್ಗು ಬಿದ್ದದ್ದು ನನಗೆ. ಹೊರಗಿನಿಂದ ನಾನು ಅದೇ ಸೇರು, ಒಳಗೆ ಮಾತ್ರ ಹಿಡಿಯುವುದು ಕಡಿಮೆ. ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಅವನಿಗೂ ಆಗಿರಬೇಕು; ನನ್ನನ್ನು ಮಂಡಕ್ಕಿಯಲ್ಲಿ ಹುಗಿದು ಅತ್ತ ತಿರುಗಿ ಕೂತ.

ಸಂಜೆ ಹಾಲಪ್ಪ ಬಂದ. ಚೌಡಮ್ಮ ನನ್ನ ತಳಕ್ಕೆ ಕೈ ಕೊಟ್ಟು ಎತ್ತಿ ಅಳೆದಳು. ಒಂದು ಹಿಡಿ ಹಾಕಿದಳು, ಆಮೇಲೆ ಇನ್ನೊಂದು. ಅವನು ಹೋದ ಮೇಲೆ ಬಕ್ಕಪ್ಪ, "ಎರಡೆರಡು ಹಿಡಿ ಕೊಸರು ಹಾಕಿದ್ರೆ ಮನಿ ಉಳಿತೈತೇನೇ?" ಎಂದು ರೇಗಿದ.

"ಮೊದ್ಲು ಹಾಕಿದ್ದು ಕೊಸರಲ್ರಿ," ಅಂದಳು ಚೌಡಮ್ಮ ಮೆಲ್ಲಗೆ. "ಅದು ತಳದ ಬಾಕಿ. ಕೊಸರು ಆಮ್ಯಾಲೆ ಹಾಕಿದ್ದು."

ಬಕ್ಕಪ್ಪನ ಮುಖ ಇಳಿದುಹೋಯಿತು. ಮರುದಿನ ಬೆಳಿಗ್ಗೆ ತಾನೇ ನನ್ನನ್ನು ಆ ಮುದುಕನ ಹತ್ತಿರ ಒಯ್ದು ತಳ ಸರಿಮಾಡಿಸಿದ. ಬಂದವನೇ ಬೋರ್ಡಿನ ಮೇಲೆ ರೇಟು ಏರಿಸಿ ಬರೆದ. ಹಾಲಪ್ಪ ಗೊಣಗಿ ಅರ್ಧ ಸೇರು ತೆಗೆದುಕೊಂಡ. ಕೆಲವರು ಎದುರಿನ ಅಂಗಡಿಗೆ ಹೋದರು, ಹೋದವರಲ್ಲಿ ಹಲವರು ಮರಳಿ ಬರಲಿಲ್ಲ. ಯುದ್ಧ ಮುಗಿದರೂ ಬೆಲೆಗಳು ಇಳಿಯಲಿಲ್ಲ. ಆ ವರ್ಷ ಮನೆಯಲ್ಲಿ ಎಷ್ಟೋ ಸಲ ಮಂಡಕ್ಕಿಯೇ ಊಟವಾಯಿತು.

ಈಗ ಬಕ್ಕಪ್ಪ ಇಲ್ಲ. ಮಗ ಸಿದ್ದೇಶ ಮಂಡಕ್ಕಿಯನ್ನು ಪ್ಯಾಕೆಟ್ಟು ಮಾಡಿ ಮಾರುತ್ತಾನೆ. ಒಂದು ಪ್ಯಾಕೆಟ್ಟಿಗೆ ಒಂದು ಸೇರೆಂದು ಲೆಕ್ಕ. ನಾನು ಅಂಗಡಿಯ ಅಟ್ಟಣಿಗೆಯ ಮೇಲೆ ಊದುಬತ್ತಿ ಕಟ್ಟು ತುಂಬಿಕೊಂಡು ಕೂತಿದ್ದೇನೆ. ತಗಡು ಎಷ್ಟು ಬಡಿದರೂ ಮೊದಲಿನಂತಾಗುವುದಿಲ್ಲ. ನನ್ನ ತಳದಲ್ಲಿ ಆ ಉಬ್ಬು ಚೂರು ಉಳಿದಿದೆ.

ಮೊನ್ನೆ ಟಿವಿಯಲ್ಲಿ ಮತ್ತೊಂದು ಯುದ್ಧ, ಮತ್ತೆ ಯಾರದೋ ನೆಲಕ್ಕೆ ಯಾರದೋ ಸೈನ್ಯ. ಎಣ್ಣೆ, ಗ್ಯಾಸು ಮತ್ತೆ ಏರಿವೆ. ಬೆನ್ನು ಬಾಗಿದ ಹಾಲಪ್ಪ ಅಂಗಡಿಗೆ ಬಂದು ಪ್ಯಾಕೆಟ್ಟು ಒತ್ತಿ ನೋಡಿ, "ಚೌಡಮ್ಮ, ಇದು ಬರೇ ಗಾಳಿ ಕುಡ್ದು ಉಬ್ಬೈತಲ್ಲವ್ವ" ಎಂದ.

ಚೌಡಮ್ಮ ನನ್ನನ್ನು ಇಳಿಸಿ, ಊದುಬತ್ತಿ ತೆಗೆದಿಟ್ಟು, ಸೆರಗಿನಿಂದ ಒರೆಸಿ, ಪ್ಯಾಕೆಟ್ಟು ಹರಿದು ಸುರಿದಳು. ಮಂಡಕ್ಕಿ ನನ್ನ ಬಾಯಿಯವರೆಗೆ ಬರಲಿಲ್ಲ.

"ಎಲ್ಲಾರೂ ಹಿಂಗೇ ಮಾಡೋದವ್ವ. ರೇಟು ಏರಿಸಿದ್ರೆ ಯಾರು ತಗಂತಾರೆ?" ಎಂದ ಸಿದ್ದೇಶ.

ಚೌಡಮ್ಮ ಅವನ ಕೈ ಹಿಡಿದು ಮಂಡಕ್ಕಿಯೊಳಗೆ ಇಳಿಸಿ ನನ್ನ ತಳ ಮುಟ್ಟಿಸಿದಳು. "ನಿಮ್ಮಪ್ಪನೂ ಹಿಂಗೇ ಅಂದ್ಕೊಂಡಿದ್ದ," ಎಂದಳು.

ಉಬ್ಬಿನ ಮೇಲೆ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಸಿದ್ದೇಶ ಇನ್ನೊಂದು ಪ್ಯಾಕೆಟ್ಟು ಹರಿದ, ನನ್ನ ಬಾಯಿ ತುಂಬುವ ತನಕ ಸುರಿದು ಹಾಲಪ್ಪನ ಚೀಲಕ್ಕೆ ಹಾಕಿದ. ಹಾಲಪ್ಪ ಚೀಲದ ಬಾಯಿ ಮುಚ್ಚಲಿಲ್ಲ.

"ಈಗ ಕೊಸರು ಹಾಕು," ಎಂದಳು ಚೌಡಮ್ಮ.